ಶ್ವಾನಪರೀಕ್ಷೆ

ಎತ್ತನ್ನು ಕೊಳ್ಳುವಾಗ ನಮ್ಮ ಸೀಮೆಯ ರೈತನು ಮಾಡುವಷ್ಟು ಪರೀಕ್ಷೆಯನ್ನು ಬೀಗತನ ಬೆಳೆಸುವಾಗಲೂ ಮಾಡಲಿಕ್ಕಿಲ್ಲ. ಬಾಯಿ ತೆರೆಯಿಸಿ ಹಲ್ಲು ನೋಡುವನು. ಮೈಮೇಲಿನ ಸುಳಿಗಳನ್ನು ಹುಡುಕುವನು. ಗೊರಸನ್ನು ತಟ್ಟಿ, ನಾಲ್ಕು ಹೆಜ್ಜೆ ನಡೆಯಿಸಿ, ಮುಂದೆ ನಿಂತೊಮ್ಮೆ ಹಿಂದೆ ನಿಂತೊಮ್ಮೆ ನೋಡುವನು. ಕಟ್ಟಕಡೆಗೆ ದಲಾಲನ ವಲ್ಲಿಯ ಕೆಳಗೆ ಬೆರಳು ಹಿಡಿದು ಬೆಲೆಯನ್ನು ಕುದುರಿಸುವನು. ಅದೇ ರೈತನು ನಾಯಿಯನ್ನು ತರುವ ಕಾಲಕ್ಕೆ ಈ ಬುದ್ಧಿಯನ್ನೆಲ್ಲ ಮನೆಯ ಗೂಟಕ್ಕೆ ತೂಗಹಾಕಿ ಹೋಗಿರುತ್ತಾನೆ. ಯಾರೋ ಕೊಟ್ಟರು, ಕಣ್ಣಿಗೆ ಚೆಂದ ಕಂಡಿತು, ಕೈಚೀಲದಲ್ಲಿ ಇಟ್ಟುಕೊಂಡು ಬಂದನು, ಮುಗಿಯಿತು. ಒಗ್ಗದ ಎತ್ತನ್ನು ಮುಂದಿನ ಸಂತೆಯಲ್ಲಿ ಮಾರಬಹುದು. ಒಗ್ಗದ ನಾಯಿಗೆ ಸಂತೆಯಿಲ್ಲ. ಅದಕ್ಕೆ ಉಳಿಯುವುದು ಸರಪಳಿ, ಇಲ್ಲವೆ ಬೀದಿ. ಇದನ್ನು ಕಂಡು ಕಂಡು ನೊಂದ ಕಾರಣದಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಮನಸ್ಸು ಮಾಡಿದ್ದೇನೆ.

ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ಮಾಸ್ತರನಿಗೆ ನಾಯಿಯ ಗೊಡವೆ ಏಕೆಂದು ಕೆಲವರು ಕೇಳಿಯಾರು. ನಾನು ಬೆಳೆದ ಮನೆಯಲ್ಲಿ ನಾಯಿಯು ಹೊಸ್ತಿಲನ್ನು ದಾಟುತ್ತಿದ್ದಿಲ್ಲ. ದಾಟಿದರೆ ನೆಲವನ್ನು ಸಾರಿಸಿ ಶುದ್ಧಮಾಡುವ ವಾಡಿಕೆಯಿತ್ತು. ಆದರೆ ಅದೇ ಮನೆಯ ದೇವರ ಕೋಣೆಯಲ್ಲಿ ದತ್ತಾತ್ರೇಯನ ಪಟವಿತ್ತು. ಅವನ ಪಾದದ ಬಳಿಯಲ್ಲಿ ನಾಲ್ಕು ನಾಯಿಗಳಿದ್ದವು. ಅವು ನಾಲ್ಕು ವೇದಗಳೆಂದು ಹಿರಿಯರು ನಮಗೆ ಹೇಳಿಕೊಡುತ್ತಿದ್ದರು. ಗೀತೆಯ ಐದನೆಯ ಅಧ್ಯಾಯದಲ್ಲಿ ಸಮದರ್ಶನವನ್ನು ಬೋಧಿಸುವ ಭಗವಂತನು ನಾಯಿಯನ್ನು ಹೆಸರಿಸಿಯೇ ಹೇಳಿರುವನು. ಇನ್ನು ದ್ರೋಣಪುರವೇ ರೋಣವಾಯಿತೆಂದು ನಮ್ಮಲ್ಲಿ ಹಿರಿಯರು ಹೇಳುವರಷ್ಟೆ. ಆ ದ್ರೋಣಾಚಾರ್ಯರ ಶಿಷ್ಯರು ಬೇಟೆಗೆ ಹೋದಾಗ ಅವರ ಸಂಗಡ ಒಂದು ನಾಯಿಯಿತ್ತು. ಅಡವಿಯಲ್ಲಿ ಅಡಗಿದ್ದ ಏಕಲವ್ಯನ ವಿದ್ಯೆಯನ್ನು ಮೊದಲು ಬೆಳಕಿಗೆ ತಂದದ್ದು ಆ ನಾಯಿಯೇ. ಹಾಗೆ ನೋಡಿದರೆ ರೋಣದ ಮಾಸ್ತರನಿಗೂ ನಾಯಿಗೂ ಹಳೆಯ ನಂಟೇ ಉಂಟು.

ಇರಲಿ. ನಮ್ಮ ಪ್ರಾಚೀನರು ಈ ವಿಷಯವನ್ನು ಉಪೇಕ್ಷಿಸಿದ್ದಿಲ್ಲ. ವರಾಹಮಿಹಿರಾಚಾರ್ಯರು ಬೃಹತ್ಸಂಹಿತೆಯಲ್ಲಿ ಗೋವು, ಕುದುರೆ, ಆನೆಗಳ ಲಕ್ಷಣಗಳೊಡನೆ ಶ್ವಾನದ ಲಕ್ಷಣವನ್ನೂ ಒಂದು ಪುಟ್ಟ ಅಧ್ಯಾಯದಲ್ಲಿ ಹೇಳಿರುವರು. ಮೂರು ಕಾಲುಗಳಲ್ಲಿ ಐದೈದು ಉಗುರುಗಳೂ ಬಲಗಡೆಯ ಮುಂಗಾಲಿನಲ್ಲಿ ಆರೂ ಇರಬೇಕು, ನಡಿಗೆಯು ಸಿಂಹದ್ದಾಗಿರಬೇಕು, ನೆಲವನ್ನು ಮೂಸುತ್ತ ನಡೆಯಬೇಕು, ಕಿವಿಗಳು ಮೃದುವಾಗಿ ಜೋತಿರಬೇಕು, ಇಂಥ ನಾಯಿಯು ಸಾಕಿದವನ ಮನೆಗೆ ಸಂಪತ್ತನ್ನು ತರುವುದೆಂದು ಅವರ ಅಭಿಪ್ರಾಯ. ನಮ್ಮ ಸೂಡಿಯ ಜೋಡುಕಳಸದ ಗುಡಿಯು ಯಾವ ಅರಸುಮನೆತನದ ಕಾಲದ್ದೋ ಆ ಕಲ್ಯಾಣದ ಚಾಲುಕ್ಯರಲ್ಲಿ ೧೧೨೬ರಿಂದ ೧೧೩೮ರ ವರೆಗೆ ಆಳಿದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಸಾರಮೇಯವಿನೋದವೆಂಬ ಪ್ರಕರಣವನ್ನೇ ಬರೆದು, ಬೇಟೆಯ ನಾಯಿಗಳ ವಿಚಾರವನ್ನು ವಿವರಿಸಿರುವನು. ಇಂದ್ರನ ಗೋವುಗಳನ್ನು ಪಣಿಗಳಿಂದ ಹುಡುಕಿಕೊಟ್ಟ ಸರಮೆಯ ಸಂತಾನವೆಂದು ನಾಯಿಗೆ ಸಾರಮೇಯವೆಂಬ ಹೆಸರು ಬಂದಿತು.

ಈ ಗ್ರಂಥಗಳಲ್ಲೆಲ್ಲ ವಿಚಾರಿಸಿರುವುದು ಒಂದೇ: ನಾಯಿಯಿಂದ ಒಡೆಯನಿಗೆ ಬರುವ ಲಾಭವೇನು? ಒಡೆಯನ ದೆಸೆಯಿಂದ ನಾಯಿಗೆ ಬರುವ ಯೋಗವೇನೆಂಬ ಲಕ್ಷಣಾಧ್ಯಾಯವನ್ನು ನಾನು ಎಲ್ಲಿಯೂ ಓದಿಲ್ಲ. ಅಂಥದೊಂದು ಅಧ್ಯಾಯವು ಈ ಕಾಲಕ್ಕೆ ಅವಶ್ಯವಾಗಿ ಬೇಕಾಗಿದೆ. ಅದೇಕೆಂದರೆ, ಎಂಟು-ಹತ್ತು ವರ್ಷಗಳಿಂದೀಚೆಗೆ ರೋಣ, ನರಗುಂದ, ಗಜೇಂದ್ರಗಡಗಳ ಕಡೆಯ ನನ್ನ ಹಳೆಯ ವಿದ್ಯಾರ್ಥಿಗಳು ನಾಯಿಯ ಮಾತೆತ್ತಿದರೆಂದರೆ ಅವರ ಬಾಯಿಂದ ಬರುವುದು ಒಂದೇ ಹೆಸರು: ಮುಧೋಳ.

ಆ ಹೆಸರಿಗೆ ತಕ್ಕ ಘನತೆಯಿದೆ. ಅದನ್ನು ಅಲ್ಲಗಳೆಯುವವನು ನಾನಲ್ಲ. ಬಾದಾಮಿ ಬಾಗಲಕೋಟೆಗಳನ್ನು ದಾಟಿ ಹೋದರೆ ಸಿಕ್ಕುವ ಮುಧೋಳವು ಕವಿಚಕ್ರವರ್ತಿ ರನ್ನನ ಹುಟ್ಟೂರು. ೧೯೪೮ರ ವರೆಗೆ ಘೋರ್ಪಡೆ ಮನೆತನದ ಸಂಸ್ಥಾನ. ಅಲ್ಲಿಯ ರಾಜಾ ಮಾಲೋಜಿರಾವ ಘೋರ್ಪಡೆಯವರು ಈ ಬೇಟೆನಾಯಿಯ ತಳಿಯನ್ನು ಅಕ್ಕರೆಯಿಂದ ಬೆಳೆಯಿಸಿ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದೂ, ಅಂದಿನಿಂದ ಮುಧೋಳದ ಹೆಸರು ಅದಕ್ಕೆ ನಿಂತಿತೆಂದೂ ಪ್ರಸಿದ್ಧಿಯಿದೆ. ೨೦೦೫ರಲ್ಲಿ ಭಾರತೀಯ ಅಂಚೆ ಇಲಾಖೆಯು ನಾಲ್ಕು ದೇಶೀ ನಾಯಿಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಇದೂ ಒಂದಾಗಿತ್ತು. ೨೦೧೬ರಲ್ಲಿ ಸೇನೆಯವರು ಇದರ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಕರೆದೊಯ್ದರು. ೨೦೨೦ರ ಆಗಸ್ಟ್ ೩೦ರಂದು ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿಯ ಭಾಷಣದಲ್ಲಿ ದೇಶೀ ನಾಯಿಗಳನ್ನು ಸಾಕಿರೆಂದು ಹೇಳುತ್ತ ಮುಧೋಳದ ಹೆಸರೆತ್ತಿದ ಮೇಲಂತೂ ಕೇಳುವವರ ಸಂಖ್ಯೆಯು ಒಮ್ಮೆಲೇ ಏರಿತು.

ಆದರೆ ಕೀರ್ತಿಯನ್ನು ತಿಳಿದಷ್ಟು ಸುಲಭವಾಗಿ ಜನರು ಸ್ವಭಾವವನ್ನು ತಿಳಿಯುವುದಿಲ್ಲ. ಮುಧೋಳದ ನಾಯಿಯು ಕಣ್ಣಿನಿಂದ ಬೇಟೆಯಾಡುವ ಜಾತಿಯದು, ಮೂಗಿನ ನಾಯಿಯಲ್ಲ. ಗಂಡುನಾಯಿಯು ಭುಜದ ಬಳಿ ಸುಮಾರು ೭೦ ಸೆಂಟಿಮೀಟರು ಎತ್ತರ ಬೆಳೆಯುವುದು. ಉದ್ದವಾದ ಕಿರಿದಾದ ತಲೆ, ಆಳವಾದ ಎದೆ, ಬೆನ್ನಿಗೆ ಹತ್ತಿದಂಥ ಹೊಟ್ಟೆ, ಎಲುಬು ಕಾಣುವಂಥ ತೆಳುಚರ್ಮ: ಇವೆಲ್ಲ ಬಯಲಿನಲ್ಲಿ ಓಡುವ ಮೊಲವನ್ನು ದೂರದಿಂದ ಕಂಡು ಬೆನ್ನಟ್ಟಿ ಹಿಡಿಯುವುದಕ್ಕಾಗಿ ಮೂಡಿದ ಅಂಗಗಳು. ನಮ್ಮ ಜನರು ಇದನ್ನು ಕಂಡು, ಹೊಟ್ಟೆಗಿಲ್ಲದೆ ಸೊರಗಿದೆಯೆಂದು ಅನ್ನ ಸುರಿದು ಕೊಬ್ಬಿಸುವರು. ಇಲ್ಲವೆ ಮನೆಕಾವಲಿಗೆಂದು ತಂದು ನಾಲ್ಕು ಮೊಳ ಸರಪಳಿಗೆ ಕಟ್ಟಿ, ಬೊಗಳುವುದಿಲ್ಲವೆಂದು ಹಳಿಯುವರು. ಓಡುವುದೇ ಇದರ ಉಸಿರು. ಓಟವನ್ನು ಕಳೆದ ಮೇಲೆ ಇದರಲ್ಲಿ ಉಳಿಯುವುದು ಅಂಚೆಚೀಟಿಯ ಮೇಲಿನ ಚಿತ್ರ ಮಾತ್ರ.

ನರಗುಂದದಲ್ಲಿ ಗುಡ್ಡದ ಕೆಳಗಿನ ಓಣಿಯೊಂದರಲ್ಲಿ ಮನೆ ಮಾಡಿಕೊಂಡು ಬಟ್ಟೆಯ ಅಂಗಡಿ ನಡೆಸುವ ನನ್ನ ಶಿಷ್ಯನೊಬ್ಬನು ಒಂದು ದಿನ ಬಂದು ಕೂತನು.

“ಗುರುಗಳ, ಮುಧೋಳ ನಾಯಿ ಒಂದು ತರಬೇಕಂತ ಮಾಡೇನ್ರಿ.”

“ಛಲೋ ಆತು. ಹಿತ್ತಲ ಎಷ್ಟದ ನಿನ್ನ ಮನೀಗೆ?”

“ಹಿತ್ತಲ ಎಲ್ಲೀದ್ರಿ ಓಣ್ಯಾಗ? ಮ್ಯಾಲೆ ಮಾಳಿಗಿ ಅದ.”

“ಅಂಗಡಿ ಎಷ್ಟೊತ್ತಿಗೆ ತಗೀತಿ?”

“ಒಂಬತ್ತಕ್ಕ ರೀ. ಮುಚ್ಚೂದು ರಾತ್ರಿ ಒಂಬತ್ತರ ಮ್ಯಾಲೇನ.”

“ಹಂಗಾರ ದಿನಾ ಅದನ್ನ ಬಯಲಿಗೆ ಕರಕೊಂಡು ಹೋಗಿ ಓಡಸವರು ಯಾರು?”

ಅವನು ಮಾತನಾಡಲಿಲ್ಲ. ಬಹಳ ಹೊತ್ತಿನ ಮೇಲೆ, “ಹುಡುಗರು ಆಸೆ ಪಟ್ಟಾವ್ರಿ” ಎಂದನು. ಹುಡುಗರ ಆಸೆಯು ಸಣ್ಣ ವಿಷಯವಲ್ಲ. ಆದರೆ ಅದಕ್ಕೆ ಮುಧೋಳದ ಓಟಗಾರನೇ ಬೇಕೆಂದಿಲ್ಲ. ಅವನ ಓಣಿಯಲ್ಲಿಯೇ ಹುಟ್ಟಿ ಬೆಳೆದ ಕಂದುಬಣ್ಣದ ಹೆಣ್ಣುನಾಯಿಯೊಂದು ಅವನ ಕಟ್ಟೆಯ ಮೇಲೆ ಮಲಗುತ್ತಿದ್ದುದನ್ನು ನಾನು ನೋಡಿದ್ದೆನು. ಅದು ಓಣಿಯ ಪ್ರತಿಯೊಬ್ಬರ ಹೆಜ್ಜೆಯ ಸಪ್ಪಳವನ್ನೂ ಬಲ್ಲದು. ನಮ್ಮ ಬಿಸಿಲಿಗೆ ಅಂಜದು. ನಾಲ್ಕು ಗೋಡೆಗಳ ನಡುವಿನ ಇಕ್ಕಟ್ಟಿಗೆ ಹೊಂದಿಕೊಂಡದ್ದು. ಅದಕ್ಕೆ ಲಸಿಕೆ ಹಾಕಿಸಿ, ಸಂತಾನಹರಣದ ಶಸ್ತ್ರಕ್ರಿಯೆ ಮಾಡಿಸಿ, ಹೊತ್ತಿಗೆ ಸರಿಯಾಗಿ ಅನ್ನವಿಟ್ಟರೆ ಅದೇ ಆ ಮನೆಗೆ ಒಪ್ಪುವ ನಾಯಿಯೆಂದು ಹೇಳಿದೆನು. ಅವನಿಗೆ ಮೊದಮೊದಲು ಸಪ್ಪೆಯೆನಿಸಿತು. ಮೂರು ತಿಂಗಳ ಮೇಲೆ ಅವನ ಹುಡುಗರು ಅದಕ್ಕೆ ಹೆಸರಿಟ್ಟರು. ಹೆಸರಿಟ್ಟ ಮೇಲೆ ನಾಯಿಯು ಬೀದಿಯದಾಗಿ ಉಳಿಯುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಪ್ರಸಂಗವು ರೋಣದ ಹತ್ತಿರದ ಒಬ್ಬ ರೈತನದು. ಅವನದು ಊರ ಹೊರಗೆ ಎರೆಹೊಲದಲ್ಲಿ ಕಟ್ಟಿದ ಮನೆ, ಸುತ್ತಲೂ ತಂತಿಬೇಲಿ, ಹಿಂಗಾರಿಯ ಕಡಲೆ, ಬಿಳಿಜೋಳಗಳ ಸುಗ್ಗಿಯಾದ ಮೇಲೆ ಕಣ್ಣು ಹರಿಯುವಷ್ಟು ದೂರ ಬಯಲು. ಅವನೂ ಅವನ ಮಗನೂ ಸೂರ್ಯೋದಯಕ್ಕೆ ಮೊದಲೇ ಹೊಲದಲ್ಲಿರುವವರು. ಇಂಥವನಿಗೆ ಮುಧೋಳದ ನಾಯಿಯು ತಕ್ಕುದೆಂದು ನಾನೇ ಹೇಳಿದೆನು. ಆದರೆ ಒಂದು ಎಚ್ಚರಿಕೆಯನ್ನೂ ಕೊಟ್ಟೆನು. ನಮ್ಮ ಹೊಲಗಳಲ್ಲಿ ಮೊಲಗಳಿವೆ, ಚಿಗರಿಗಳಿವೆ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಪ್ರಕಾರ ಅವುಗಳ ಬೇಟೆಯು ಅಪರಾಧ. ನಾಯಿಯನ್ನು ಛೂ ಬಿಟ್ಟು ಹಿಡಿಸಿದರೂ ಅದು ಬೇಟೆಯೇ. ಬೇಟೆಗೆಂದೇ ಹುಟ್ಟಿದ ನಾಯಿಯನ್ನು ಬೇಟೆಯಿಲ್ಲದೆ ಓಡಿಸಬೇಕಾದ ಹೊಣೆಯು ಈಗ ಒಡೆಯನದು. ಅವನು ಒಪ್ಪಿದನು. ಇಂದಿಗೂ ಚಿಗರಿ ಮೇಯುವ ಕಡೆಗೆ ಹೋದಾಗ ಅದರ ಕೊರಳಿನ ಹಗ್ಗವನ್ನು ಮಗನು ಬಿಡುವುದಿಲ್ಲ. ಬೇಲಿಯೊಳಗೆ ಬಂದ ಮೇಲೆ ಬಿಟ್ಟು, ತಾನೂ ಅದರ ಸಂಗಡ ಓಡುತ್ತಾನೆ.

ಮರಿಯನ್ನು ಎಲ್ಲಿಂದ ತರಬೇಕೆಂಬುದು ಮುಂದಿನ ಪ್ರಶ್ನೆ. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ತಳಿಯ ಶುದ್ಧಿಯನ್ನು ಕಾಯುವುದೇ ಅದರ ಕೆಲಸ. ಹೆಸರು ನೋಂದಾಯಿಸಿ ಸರದಿ ಕಾಯ್ದವರಿಗೆ ಅಲ್ಲಿಂದ ಮರಿಗಳು ದೊರೆಯುವವು. ಅದರ ಸುತ್ತಲಿನ ಹಳ್ಳಿಗಳಲ್ಲಿ ಈ ನಾಯಿಗಳನ್ನು ಸಾಕಿ ಮರಿ ಮಾರಿ ಜೀವಿಸುವ ಕುಟುಂಬಗಳೂ ಇವೆ. ಯಾರಲ್ಲಿಯೇ ತಂದರೂ ಮೂರು ಸಂಗತಿಗಳನ್ನು ಕಣ್ಣಾರೆ ಕಾಣದೆ ಹಣ ಕೊಡಬಾರದು. ಮೊದಲನೆಯದಾಗಿ, ತಾಯಿಯನ್ನು ನೋಡಬೇಕು. ತಾಯಿಯು ಅಂಜುಬುರುಕಿಯೋ ಕಚ್ಚಾಳಿಯೋ ಆಗಿದ್ದರೆ ಮರಿಯ ಅಂದವು ನಿಮ್ಮನ್ನು ಕಾಪಾಡದು. ಎರಡನೆಯದಾಗಿ, ಮರಿಯ ವಯಸ್ಸನ್ನು ವಿಚಾರಿಸಬೇಕು. ೨೦೧೭ರ ನಾಯಿಸಾಕಣೆಯ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಈ ನಿಯಮದ ಹಿಂದೆ ನಿಸರ್ಗದ ಒಂದು ಕಾರಣವಿದೆ: ಮೂರನೆಯ ವಾರದಿಂದ ಹನ್ನೆರಡನೆಯ ವಾರದ ವರೆಗಿನ ಅವಧಿಯೇ ಮರಿಯ ವಿದ್ಯಾಭ್ಯಾಸದ ಕಾಲ. ಅದರ ಮೊದಲರ್ಧವನ್ನು ತಾಯಿ ಮತ್ತು ಒಡಹುಟ್ಟಿದವರಲ್ಲಿ ಕಳೆದ ಮರಿಯು ಎಷ್ಟು ಕಚ್ಚಿದರೆ ನೋವಾಗುವುದೆಂಬುದನ್ನು ಕಲಿಯುತ್ತದೆ. ಉಳಿದರ್ಧದಲ್ಲಿ ಮನುಷ್ಯರ ಮನೆಯನ್ನು ಕಲಿಯುತ್ತದೆ. ಮೂರನೆಯದಾಗಿ, ಲಸಿಕೆಯ ಚೀಟಿಯನ್ನು ನೋಡಿ, ಅದರಲ್ಲಿಯ ತಾರೀಖುಗಳನ್ನು ಓದಬೇಕು.

ಈ ಮೂರನ್ನೂ ಬಿಟ್ಟು ನಡೆದ ಒಂದು ಪ್ರಸಂಗವನ್ನು ಇಲ್ಲಿ ಹೇಳದೆ ಇರಲಾರೆ. ನಮ್ಮ ಪರಿಚಯದ ಒಂದು ಮನೆಯವರು ಬಸ್‌ನಿಲ್ದಾಣದ ಬಳಿ ಬುಟ್ಟಿಯಲ್ಲಿಟ್ಟು ಮಾರುತ್ತಿದ್ದವನಿಂದ ಮುಧೋಳದ ಮರಿಯೆಂದು ಒಂದನ್ನು ಕೊಂಡು ತಂದರು. ಅದಕ್ಕಿನ್ನೂ ಐದು ವಾರವೂ ಆಗಿದ್ದಿಲ್ಲ. ಮೂರನೆಯ ದಿನ ವಾಂತಿ, ನಾಲ್ಕನೆಯ ದಿನ ರಕ್ತಭೇದಿ, ಆರನೆಯ ದಿನ ಬೆಳಗಿನ ಜಾವಕ್ಕೆ ಸತ್ತುಹೋಯಿತು. ಪಾರ್ವೊ ಎಂಬ ರೋಗವೆಂದು ಪಶುವೈದ್ಯರು ಹೇಳಿದರು. ಒಂದೂವರೆ ಎರಡು ತಿಂಗಳಿನಿಂದ ತೊಡಗಿ ನಾಲ್ಕು ತಿಂಗಳ ವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಚುಚ್ಚಿಸುವ ಲಸಿಕೆಯಿಂದ ತಪ್ಪಿಸಬಹುದಾದ ರೋಗವದು. ಅದರ ಸೋಂಕು ಮನೆಯ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಕೂಡಲೇ ಇನ್ನೊಂದು ಮರಿಯನ್ನು ತರುವಂತೆಯೂ ಇದ್ದಿಲ್ಲ. ಮಾರಿದವನ ಫೋನು ಅಷ್ಟರಲ್ಲಿ ಸುಮ್ಮನಾಗಿತ್ತು. ಆ ಮನೆಯ ಏಳು ವರ್ಷದ ಹುಡುಗಿಯು ಎರಡು ದಿನ ಊಟ ಬಿಟ್ಟಳು. ಆಕೆಯ ತಂದೆ ನನ್ನೆದುರು, “ದುಡ್ಡು ಹೋತು, ಹೋಗಲಿ ರೀ, ಆ ಕೂಸಿಗೆ ಏನು ಹೇಳಲಿ?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿದ್ದಿಲ್ಲ.

ಲಸಿಕೆಯ ಮಾತು ಬಂದ ಮೇಲೆ ಹುಚ್ಚುನಾಯಿಯ ರೋಗದ ಮಾತನ್ನು ಬಿಡಕೂಡದು. ರೇಬೀಸು ಮನುಷ್ಯನಲ್ಲಿ ಒಮ್ಮೆ ಲಕ್ಷಣಗಳನ್ನು ತೋರಿತೆಂದರೆ ಆ ಮೇಲೆ ಬದುಕಿದವರು ಇಲ್ಲವೆಂಬಷ್ಟು ವಿರಳ. ೧೮೮೫ರಲ್ಲಿ ಪ್ಯಾರಿಸಿನ ಲೂಯಿ ಪಾಶ್ಚರ್ ಮಹಾಶಯನು ಇದರ ಲಸಿಕೆಯನ್ನು ಮೊದಲ ಸಲ ಒಬ್ಬ ಹುಡುಗನಿಗೆ ಕೊಟ್ಟು ಉಳಿಸಿದನು. ಅಂದಿನಿಂದ ಈ ರೋಗದಲ್ಲಿ ಸಾಯುವುದು ಬಹುಮಟ್ಟಿಗೆ ಅಲಕ್ಷ್ಯದ ಸಾವಾಗಿದೆ. ನಾಯಿಯು ಯಾವ ಜಾತಿಯದೇ ಇರಲಿ, ಮೂರು ತಿಂಗಳಿಗೆ ಮೊದಲನೆಯ ಚುಚ್ಚುಮದ್ದು, ಆ ಮೇಲೆ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮತ್ತೆ ಮತ್ತೆ. ಕಚ್ಚಿದ ಗಾಯಕ್ಕೆ ಅರಿಷಿಣ, ಸುಣ್ಣ, ಖಾರದಪುಡಿ ಒತ್ತುವ ಪದ್ಧತಿಯು ಇನ್ನೂ ಅಲ್ಲಲ್ಲಿ ಉಳಿದಿದೆ. ಅದನ್ನು ಬಿಟ್ಟು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ಮಿನಿಟು ತೊಳೆದು, ಅಂದೇ ದವಾಖಾನೆಗೆ ಹೋಗತಕ್ಕದ್ದು. ನಮ್ಮ ಸೀಮೆಯವರಿಗೆ ಇನ್ನೊಂದು ಮಾತು: ಗದಗ ಜಿಲ್ಲೆಯ ಉಳ್ಳಾಗಡ್ಡಿಯು ನಮಗೆ ಅನ್ನ ಕೊಡುವ ಬೆಳೆಯಾದರೂ ನಾಯಿಗೆ ಅದು ವಿಷವೇ ಸರಿ, ರಕ್ತದಲ್ಲಿಯ ಕೆಂಪುಕಣಗಳನ್ನು ಒಡೆಯುತ್ತದೆ. ಉಳಿದ ಪಲ್ಯವನ್ನು ರೊಟ್ಟಿಗೆ ಕಲಸಿ ಹಾಕುವವರು ಇದನ್ನು ನೆನಪಿಡಬೇಕು.

ಈಗ ನನ್ನ ಮನೆಯ ಮಾತು. ಮಕ್ಕಳು ಪರಸ್ಥಳದಲ್ಲಿ ನೌಕರಿಯಲ್ಲಿರುವರು. ಮನೆಯಲ್ಲಿ ಇರುವವರು ನಾವಿಬ್ಬರೇ. ಕಳೆದ ವರ್ಷ ಓಣಿಯಲ್ಲಿ ಎರಡು ಮನೆ ಕಳವಾದ ಮೇಲೆ, ನಾಯಿಯೊಂದನ್ನು ತರೋಣವೆಂದು ನನ್ನ ಮನೆಯವರೇ ಮೊದಲು ಮಾತೆತ್ತಿದರು. ಶಿಷ್ಯರು ಮರಿ ತಂದುಕೊಡಲು ಮುಂದೆ ಬಂದರು. ನಾನು ಕೂತು ಲೆಕ್ಕ ಹಾಕಿದೆನು. ಚೆನ್ನಾಗಿ ಸಾಕಿದ ನಾಯಿಯು ಹತ್ತು-ಹನ್ನೆರಡು ವರ್ಷ ಬದುಕುವುದು. ಇನ್ನೂ ಹೆಚ್ಚು ಬದುಕಿದರೆ ಆಶ್ಚರ್ಯವಿಲ್ಲ. ವೇದಾಧ್ಯಯನಕ್ಕೆ ಹಿಂದೆ ಹೇಳುತ್ತಿದ್ದ ಅವಧಿಯೂ ಹನ್ನೆರಡು ವರ್ಷವೇ. ನನಗೀಗ ಅರವತ್ತೆಂಟು. ಇಂದು ತಂದ ಮರಿಯು ಮುದಿಯಾಗುವ ಹೊತ್ತಿಗೆ ನನಗೆ ಎಂಬತ್ತಾಗಬೇಕು. ನನ್ನ ಆಯುಷ್ಯದ ಲೆಕ್ಕವನ್ನು ನಾನು ಬಲ್ಲವನಲ್ಲ. ಆದರೆ ನನ್ನ ಮೊಣಕಾಲುಗಳ ಲೆಕ್ಕವನ್ನು ಬಲ್ಲೆನು. ಒಡೆಯನು ಸತ್ತ ಮನೆಯ ನಾಯಿಯನ್ನು ನೀವೂ ಕಂಡಿರಬಹುದು. ಹದಿಮೂರು ದಿನ ಬಂದವರೆಲ್ಲರೂ ಅನ್ನ ಹಾಕುವರು. ಹದಿನಾಲ್ಕನೆಯ ದಿನ ಮನೆಗೆ ಬೀಗ ಬೀಳುವುದು. ನಾಯಿಯು ಕಟ್ಟೆಯ ಮೇಲೆ ಉಳಿಯುವುದು. ಮರಿಯನ್ನು ತರುವ ಯೋಗ್ಯತೆಯು ನನ್ನ ವಯಸ್ಸಿಗಿಲ್ಲವೆಂದು ನಿಶ್ಚಯಿಸಿದೆನು. ತರುವುದಾದರೆ ವಯಸ್ಸಾದ ನಾಯಿಯನ್ನೇ ತರಬೇಕು.

ಗಜೇಂದ್ರಗಡದ ಗುಡ್ಡದ ಸಾಲಿನಲ್ಲಿ, ಕಾಲಕಾಲೇಶ್ವರನ ಗುಡಿಯಿಂದ ಬಹಳ ದೂರವಲ್ಲದ ಹಟ್ಟಿಯಲ್ಲಿ, ನನ್ನ ಶಿಷ್ಯನೊಬ್ಬನ ತಂದೆ ಇದ್ದಾರೆ. ಅವರು ಕುರುಬರು, ಜೀವಮಾನವೆಲ್ಲ ಕುರಿ ಮೇಯಿಸಿದವರು. ತೋಳನ ಕಾಟವಿರುವ ಸೀಮೆಯದು. ಅವರ ನಾಯಿಗಳಿಗೆ ಅಂಚೆಚೀಟಿಯ ಕೀರ್ತಿಯಿಲ್ಲ, ನೋಂದಣಿಯ ಕಾಗದವಿಲ್ಲ. ಮರಿಯು ಕಣ್ಣು ಬಿಟ್ಟಂದಿನಿಂದ ಕುರಿಮರಿಗಳ ಮಧ್ಯದಲ್ಲಿಯೇ ಮಲಗಿ ಬೆಳೆಯುವುದರಿಂದ ಕುರಿಗಳನ್ನೇ ತನ್ನ ಬಳಗವೆಂದು ತಿಳಿಯುತ್ತದೆ. ತೋಳ ಬಂದರೆ ಬಳಗಕ್ಕಾಗಿ ಎದುರು ನಿಲ್ಲುತ್ತದೆ. ಮೇಲೆ ಹೇಳಿದ ಮೂರರಿಂದ ಹನ್ನೆರಡು ವಾರಗಳ ಮರ್ಮವನ್ನು ಅವರು ಯಾವ ಪುಸ್ತಕವನ್ನೂ ಓದದೆ ಬಲ್ಲರು. ಹೋದ ವರ್ಷ ಮಕ್ಕಳು ಬೇರೆ ಉದ್ಯೋಗ ಹಿಡಿದುದರಿಂದ, ಅವರು ಕುರಿಗಳನ್ನು ಮಾರಿದರು. ಆರು ವರ್ಷದ ಗಂಡುನಾಯಿಯೊಂದು ಉಳಿಯಿತು. ಅದರ ಹೆಸರು ಮೈಲಾರಿ. ಕಾಯಲು ಕುರಿಗಳಿಲ್ಲದೆ ಅದು ಬರಿದಾದ ದೊಡ್ಡಿಯ ಬಾಗಿಲಲ್ಲಿ ಮ್ಲಾನವಾಗಿ ಮಲಗಿರುತ್ತದೆಂದು ಶಿಷ್ಯನು ಹೇಳಿದನು. ನಿವೃತ್ತನಾದ ಮಾಸ್ತರನಿಗೆ ನಿವೃತ್ತವಾದ ನಾಯಿಯು ತಕ್ಕ ಜೋಡಿಯೆಂದು ನಾನು ಹೊರಟೆನು.

ನಾನು ನಾಯಿಯನ್ನು ಪರೀಕ್ಷಿಸಲು ಹೋಗಿದ್ದೆನು. ಹಲ್ಲು ನೋಡಿದೆನು, ಕಣ್ಣು ನೋಡಿದೆನು, ವರಾಹಮಿಹಿರನ ನೆನಪಾಗಿ ಬಲಮುಂಗಾಲಿನ ಉಗುರುಗಳನ್ನೂ ಎಣಿಸಿದೆನು, ಐದೇ ಇದ್ದವು. ಅಷ್ಟರಲ್ಲಿ ಆ ಹಿರಿಯರು ನನ್ನ ಪರೀಕ್ಷೆಯನ್ನು ಆರಂಭಿಸಿದರು.

“ನಿಮ್ಮ ಗ್ವಾಡಿ ಎಷ್ಟೆತ್ತರ ಐತ್ರಿ ಮಾಸ್ತರ್ರ?”

“ಎದಿಮಟ.”

“ರಾತ್ರಿ ಇದನ್ನ ಕಟ್ಟತೀರೇನು?”

“ಇಲ್ಲ.”

“ಮನ್ಯಾಗ ಸಣ್ಣ ಹುಡುಗ್ರು ಅದಾರೇನು?”

“ಸೂಟಿಗೆ ಮೊಮ್ಮಕ್ಕಳು ಬರತಾವ.”

“ನೀವು ಪರಸ್ಥಳಕ್ಕ ಹೋದ್ರ ರೊಟ್ಟಿ ಹಾಕವ್ರು ಯಾರು?”

ಬಗಲಮನೆಯವರು ಹಾಕುವರೆಂದೆನು. ಅವರಿಗೆ ಸಮಾಧಾನವಾಗಲಿಲ್ಲ. “ಅವರನ್ನ ಕೇಳೀರೇನ್ರಿ?” ಎಂದರು. ಕೇಳಿಯೇ ಬಂದಿರುವೆನೆಂದೆನು. ಹೀಗೆ ಅರ್ಧ ತಾಸು ನಡೆಯಿತು. ಮೂವತ್ತೈದು ವರ್ಷ ಪ್ರಶ್ನಪತ್ರಿಕೆ ತೆಗೆದವನು ನಾನು. ಇಷ್ಟು ಸರಿಯಾದ ಪ್ರಶ್ನೆಗಳನ್ನು ಕಂಡದ್ದು ಕಡಿಮೆ. ಕಡೆಗೆ ಬೆಲೆ ಎಷ್ಟೆಂದು ಕೇಳಿದಾಗ ಅವರು ಕೈ ಅಲ್ಲಾಡಿಸಿದರು. “ರೊಕ್ಕ ಬ್ಯಾಡ್ರಿ. ಎರಡು ಮಾತು ಕೊಡ್ರಿ. ಇದು ಸತ್ರ ನನಗ ಸುದ್ದಿ ಮುಟ್ಟಸ್ರಿ. ನಿಮಗ ಏನರ ಹೆಚ್ಚುಕಡಿಮಿ ಆದ್ರ ಇದನ್ನ ಬೀದಿಗೆ ಬಿಡಬ್ಯಾಡ್ರಿ, ನನ್ನ ಕಡೆ ಕಳಸ್ರಿ. ನಾನೂ ಇರಲಿಲ್ಲಂದ್ರ ನನ್ನ ಮಗ ಅದಾನು.”

ಆ ದಿನದಿಂದ, ನಾಯಿಯನ್ನು ಎಲ್ಲಿಂದ ತರಬೇಕೆಂದು ಕೇಳುವವರಿಗೆ ನನ್ನ ಉತ್ತರವು ಬಹಳ ಸಂಕ್ಷಿಪ್ತವಾಗಿದೆ. ಹಣವನ್ನು ಎಣಿಸುವ ಮೊದಲು ನಿಮ್ಮ ಮನೆಯನ್ನು ವಿಚಾರಿಸುವವನಿಂದ ತನ್ನಿರಿ. ನಿಮಗೆ ಒಗ್ಗದಿದ್ದರೆ ತಿರುಗಿ ತೆಗೆದುಕೊಳ್ಳುವೆನೆನ್ನುವವನಿಂದ ತನ್ನಿರಿ. ಅವನು ವಿಶ್ವವಿದ್ಯಾಲಯದವನಿರಲಿ, ಮುಧೋಳದ ರೈತನಿರಲಿ, ಗುಡ್ಡದ ಕುರುಬನಿರಲಿ.

ಮೈಲಾರಿಯನ್ನು ತಂದ ಮೇಲೆ ಹಳೆಯ ಎರಡು ಕಥೆಗಳು ನನಗೆ ಹೊಸದಾಗಿ ತೋರತೊಡಗಿವೆ. ಒಂದು, ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ್ದು, ಕಾಲ ೯೪೯–೫೦. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನನ್ನು ಅರಸನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಆ ವೀರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿಯು ಕಾಡುಹಂದಿಯೊಡನೆ ಕಾದಿ, ಹಂದಿಯೂ ತಾನೂ ಕೂಡಿಯೇ ಸತ್ತವು. ಮಣಲೆರನು ಅದಕ್ಕೊಂದು ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿಯನ್ನು ಬಿಡಿಸಿದನು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಎರಡನೆಯದು ಧರ್ಮರಾಯನ ಮಹಾಪ್ರಸ್ಥಾನದ್ದು. ಗದುಗಿನ ವೀರನಾರಾಯಣನ ಸನ್ನಿಧಿಯ ನಾರಣಪ್ಪನು ಹತ್ತು ಪರ್ವಗಳಿಗೇ ನಿಲ್ಲಿಸಿದ್ದರಿಂದ ಈ ಕಥೆಯು ನಮ್ಮ ಗದುಗಿನ ಭಾರತದಲ್ಲಿಲ್ಲ. ಮುಂದಿನ ಪರ್ವಗಳನ್ನು ತಿಮ್ಮಣ್ಣಕವಿಯು ಕೃಷ್ಣದೇವರಾಯನ ಕಾಲದಲ್ಲಿ ಕನ್ನಡಿಸಿದನು. ಆ ನಾಯಿಯನ್ನು ಧರ್ಮರಾಯನು ಆರಿಸಿದ್ದಿಲ್ಲ, ಬೇಡಿದ್ದಿಲ್ಲ. ಹಸ್ತಿನಾವತಿಯಿಂದ ಅದು ತಾನಾಗಿಯೇ ಬೆನ್ನುಹತ್ತಿ ಬಂದಿತು. ಅದನ್ನು ಬಿಟ್ಟು ಬಾರೆಂದು ದೇವೇಂದ್ರನು ಹೇಳಿದಾಗ ಸ್ವರ್ಗವನ್ನು ಒಲ್ಲೆನೆಂದನು. ಒಬ್ಬನು ಬೇಡಿ ಪಡೆದನು, ಒಬ್ಬನಿಗೆ ತಾನಾಗಿ ಬಂದಿತು. ಬಂದ ಬಗೆಯು ಬೇರೆಯಾದರೂ ಇಬ್ಬರೂ ಕಡೆಯ ವರೆಗೆ ಕೈಬಿಡಲಿಲ್ಲ.

ಮೈಲಾರಿಯು ನಮ್ಮ ಮನೆಗೆ ಬಂದು ಏಳು ತಿಂಗಳಾದವು. ಮೊದಲ ಹದಿನೈದು ದಿನ ಅದು ರಾತ್ರಿಯೆಲ್ಲ ಹಿತ್ತಲನ್ನು ಸುತ್ತಿ ಸುತ್ತಿ ಕುರಿಗಳನ್ನು ಹುಡುಕಿತು. ಆ ಮೇಲೆ ನಮ್ಮ ಮನೆಯವರನ್ನೇ ಹಿಂಡೆಂದು ಬಗೆಯಿತೋ ಏನೋ, ಅವರು ಬಾವಿಗೆ ಹೋದರೆ ಬಾವಿಗೆ, ತುಳಸಿಯ ಕಟ್ಟೆಗೆ ಹೋದರೆ ಕಟ್ಟೆಗೆ ಹಿಂಬಾಲಿಸತೊಡಗಿತು. ಹೊಸ್ತಿಲನ್ನು ದಾಟಕೂಡದೆಂದು ಅವರು ಮೊದಲ ದಿನವೇ ಕಟ್ಟುನಿಟ್ಟು ಮಾಡಿದ್ದರು. ಮೈಲಾರಿಯು ಅದನ್ನು ಇಂದಿಗೂ ಮೀರಿಲ್ಲ. ಮುಂಗಾಲುಗಳೆರಡನ್ನು ಹೊಸ್ತಿಲಿಗೆ ಸರಿಯಾಗಿ ತಾಗಿಸಿ ಹೊರಗೆ ಮಲಗುತ್ತದೆ. ಈ ಸಲದ ಚಳಿಗಾಲದಲ್ಲಿ ಅವರೇ ಹಳೆಯ ಕಂಬಳಿಯೊಂದನ್ನು ಒಳಪಡಸಾಲೆಯ ಮೂಲೆಯಲ್ಲಿ ಹಾಸಿ ಕರೆದರು. ಅದು ಬರಲಿಲ್ಲ. ಕಂಬಳಿಯನ್ನೇ ಹೊರಗೆ ಒಯ್ದು ಹಾಸಬೇಕಾಯಿತು.

ನನಗೇನಾದರೂ ಆದರೆ ಮೈಲಾರಿಯನ್ನು ಯಾರಲ್ಲಿಗೆ, ಯಾವ ಊರಿಗೆ, ಯಾರ ಸಂಗಡ ಕಳಿಸಬೇಕೆಂಬುದನ್ನು ಪಂಚಾಂಗದ ಕಡೆಯ ಪುಟದಲ್ಲಿ ಬರೆದು, ಬಗಲಮನೆಯವರಿಗೂ ಓದಿ ಹೇಳಿದ್ದೇನೆ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಆ ನಾಲ್ಕು ಸಾಲುಗಳನ್ನು ಅದಕ್ಕೆ ಇಳಿಸಿಕೊಳ್ಳುವುದು ಮರೆಯದ ಕೆಲಸಗಳಲ್ಲಿ ಒಂದಾಗಿದೆ.